ಒಗ್ಗಿಕೊಳ್ಳಿ ಎನ್ನುವ ಮುನ್ನ

ಕೀಲುನೋವಿನ ರೋಗಿಗೆ ವೈದ್ಯರು ಕೊನೆಯಲ್ಲಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: 'ಇದು ಪೂರ್ತಿ ವಾಸಿಯಾಗುವಂಥದ್ದಲ್ಲ, ಇದರ ಜೊತೆ ಬದುಕುವುದನ್ನು ಕಲಿಯಬೇಕು.' ಮಾತು ಸತ್ಯವೇ. ಸಂಧಿವಾತದ ಬಹುತೇಕ ಬಗೆಗಳನ್ನು ಬೇರುಸಹಿತ ಕಿತ್ತೊಗೆಯುವ ಔಷಧ ಇನ್ನೂ ಬಂದಿಲ್ಲ. ಆದರೆ ಹಾಗೆ ಬದುಕುವುದನ್ನು ಕಲಿಸುವವರು ಯಾರು ಎಂದು ಕೇಳುವಷ್ಟರಲ್ಲಿ ಮುಂದಿನ ರೋಗಿಯ ಹೆಸರು ಕೂಗಿರುತ್ತಾರೆ. ಸವೆದ ಎರಡು ಮಂಡಿಗಳೊಂದಿಗೆ ಎಂಟು ವರ್ಷಗಳಿಂದ ಬಂಗಾರಪೇಟೆಯಲ್ಲಿ ಬಾಳುತ್ತಿರುವ ನನಗೆ ಈ ಮಾತನ್ನು ಕುರಿತು ಯೋಚಿಸಲು ಬೇಕಾದಷ್ಟು ಸಮಯ ದೊರೆತಿದೆ. ನಿಧಾನವಾಗಿ ನಡೆಯುವವನಿಗೆ ಯೋಚನೆಗೆ ಬರವಿಲ್ಲ.

ಒಗ್ಗಿಕೊಳ್ಳುವ ಮೊದಲು ಯಾವುದಕ್ಕೆ ಒಗ್ಗಿಕೊಳ್ಳುತ್ತಿದ್ದೇವೆ ಎಂಬುದು ತಿಳಿಯಬೇಕಲ್ಲವೇ? ಕೋಲಾರದ ಈ ಸೀಮೆಯಲ್ಲಿ ಆ ಪ್ರಶ್ನೆ ಸುಲಭದ್ದಲ್ಲ. ಇಲ್ಲಿ ಕನ್ನಡದವರು 'ನೋವು' ಎನ್ನುತ್ತಾರೆ, ತೆಲುಗಿನವರು 'ನೊಪ್ಪಿ' ಎನ್ನುತ್ತಾರೆ, ಗಣಿ ಲೈನುಗಳ ತಮಿಳರು 'ವಲಿ' ಎನ್ನುತ್ತಾರೆ. ಮೂವರಿಗೂ ಸಿಗುವ ಉತ್ತರ ಮಾತ್ರ 'ವಯಸ್ಸಾಯಿತು' ಅಥವಾ 'ವಾಯು' ಎಂಬುದೇ. ನಮ್ಮ ಹಳೆಯ ವೈದ್ಯಗ್ರಂಥಗಳು ಕೂಡ ಇಷ್ಟು ಉದಾಸೀನವಾಗಿರಲಿಲ್ಲ. ಸವೆತದ ಸಂಧಿಗತವಾತವೇ ಬೇರೆ, ಊತ ಮತ್ತು ಬಿಗಿತದ ಆಮವಾತವೇ ಬೇರೆ ಎಂದು ಅವು ಗುರುತಿಸಿದ್ದವು.

ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಆಗ ನಲವತ್ತರ ಪ್ರಾಯದಲ್ಲಿದ್ದ ಕಾರ್ಮಿಕರು ಇಂದು ಅರವತ್ತು ದಾಟಿದ್ದಾರೆ. ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿನ ಸೆಕೆಯಲ್ಲಿ ಬಗ್ಗಿ, ಮಂಡಿಯೂರಿ, ಕೊರೆಯುವ ಯಂತ್ರದ ಅದುರುವಿಕೆಯನ್ನು ತೋಳು ಹೆಗಲುಗಳಲ್ಲಿ ಹೀರಿಕೊಂಡು ದುಡಿದವರ ಕೀಲುಗಳು ಸವೆದಿದ್ದರೆ ಆಶ್ಚರ್ಯವಿಲ್ಲ. ಧೂಳಿನ ಕತೆ ಇನ್ನೂ ಹಳೆಯದು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದೇ ಇಲ್ಲಿಂದ. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಅವರಲ್ಲಿ ಶೇ 40ಕ್ಕೂ ಹೆಚ್ಚು ಮಂದಿಯ ಶ್ವಾಸಕೋಶದಲ್ಲಿ ಈ ರೋಗ ಕಂಡಿತ್ತು. ಆ ಧೂಳು ಶ್ವಾಸಕೋಶದಲ್ಲಷ್ಟೇ ನಿಲ್ಲುವುದಿಲ್ಲ. 1953ರಲ್ಲಿ ಕ್ಯಾಪ್ಲನ್ ಎಂಬ ವೈದ್ಯ ವೇಲ್ಸ್‌ನ ಕಲ್ಲಿದ್ದಲು ಕಾರ್ಮಿಕರಲ್ಲಿ ಧೂಳಿನ ಶ್ವಾಸಕೋಶ ರೋಗವೂ ರುಮಟಾಯ್ಡ್ ಸಂಧಿವಾತವೂ ಜೊತೆಗೂಡಿರುವುದನ್ನು ಗುರುತಿಸಿದರು. ಸಿಲಿಕಾ ಧೂಳನ್ನು ಉಸಿರಾಡಿದವರಲ್ಲಿ, ಅದರಲ್ಲೂ ಧೂಮಪಾನಿಗಳಲ್ಲಿ, ಈ ಸಂಧಿವಾತದ ಸಂಭವ ಹೆಚ್ಚೆಂಬುದು ಇಂದು ಸ್ಥಾಪಿತ ಸಂಗತಿ. ಕೆಮ್ಮಿಗಾಗಿ ಬಂದ ನಿವೃತ್ತ ಗಣಿ ಕಾರ್ಮಿಕನ ಬೆರಳ ಗೆಣ್ಣುಗಳನ್ನೂ ಒಮ್ಮೆ ನೋಡಬೇಕೆಂದು ಎಷ್ಟು ಜನ ವೈದ್ಯರಿಗೆ ತೋಚುತ್ತದೆ?

ಗಣಿಗೆ ಕಾಲಿಡದ ಬಂಗಾರಪೇಟೆಯ ಹಳ್ಳಿಗಳಲ್ಲಿ ಅಪರಾಧಿ ನೀರು. ಸಾವಿರ ಅಡಿಗೂ ಕೆಳಗಿಳಿದ ಕೊಳವೆಬಾವಿಗಳಿಂದ ಫ್ಲೋರೈಡ್ ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ ಮಾತ್ರ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೂಳೆಗಳ ಸುತ್ತಲಿನ ಅಸ್ಥಿರಜ್ಜುಗಳೇ ಗಟ್ಟಿಯಾಗಿ ಕತ್ತು ತಿರುಗದು, ಬೆನ್ನು ಬಗ್ಗದು. ಹೊರನೋಟಕ್ಕೆ ಇದೂ ಸಂಧಿವಾತವೇ. ಗುಣಪಡಿಸುವ ಮಾತ್ರೆ ಇಲ್ಲ. ನೀರು ಬದಲಿಸುವುದೇ ಚಿಕಿತ್ಸೆ. ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿದಿದೆಯಾದರೂ ಅದು ಅಂತರ್ಜಲಕ್ಕೇ ಹೊರತು ಕುಡಿಯುವುದಕ್ಕಲ್ಲ. ಹೀಗಾಗಿ ಜನ ಶುದ್ಧ ನೀರಿನ ಘಟಕದ ಮುಂದೆ ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಸಿಕೊಳ್ಳುತ್ತಾರೆ. ಮೂಳೆ ಉಳಿಸುವ ನೀರನ್ನು ಮನೆಗೆ ತರಲು ಕೀಲುಗಳನ್ನೇ ದಂಡಿಸಬೇಕು! ಇದರ ಮೇಲೆ 2006ರ ಚಿಕೂನ್‌ಗುನ್ಯ ಬೇರೆ. ಆ ಒಂದೇ ವರ್ಷ ಕರ್ನಾಟಕದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ವಾರದಲ್ಲಿ ಇಳಿಯಿತು, ಕೆಲವರ ಕೀಲುನೋವು ವರ್ಷಗಟ್ಟಲೆ ಉಳಿಯಿತು.

ಇವೆಲ್ಲವನ್ನೂ 'ವಾಯು' ಎಂದು ಒಂದೇ ಗಂಟು ಕಟ್ಟಿದರೆ ಆಗುವ ಅನ್ಯಾಯ ಸಣ್ಣದಲ್ಲ. ಸಂಜೆಯಾದಂತೆ, ಓಡಾಡಿದಂತೆ ಹೆಚ್ಚುವ ನೋವು ಬಹುಮಟ್ಟಿಗೆ ಸವೆತದ್ದು. ಅದಕ್ಕೆ ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮದಷ್ಟು ಒಳ್ಳೆಯ ಮದ್ದು ವಿರಳ. ಬೆಳಿಗ್ಗೆ ಎದ್ದಾಗ ಬೆರಳುಗಳು ಒಂದು ಗಂಟೆಯಾದರೂ ಬಿಗಿದೇ ಇದ್ದರೆ ರುಮಟಾಯ್ಡ್ ಎಂದು ಅನುಮಾನಿಸಬೇಕು. ಅದು ಗಂಡಸರಿಗಿಂತ ಹೆಂಗಸರನ್ನು ಎರಡು ಮೂರು ಪಟ್ಟು ಹೆಚ್ಚು ಕಾಡುತ್ತದೆ. ಮೆಥೊಟ್ರೆಕ್ಸೇಟ್‌ನಂಥ ವಾರಕ್ಕೊಮ್ಮೆಯ ಔಷಧವನ್ನು ವೈದ್ಯರ ನಿಗಾದಲ್ಲಿ ಆರಂಭದಲ್ಲೇ ಕೊಟ್ಟರೆ ಬೆರಳುಗಳು ಸೊಟ್ಟಗಾಗದಂತೆ ಬಹುಪಾಲು ತಡೆಯಬಹುದು. ನಸುಕಿನಲ್ಲಿ ಹಾಲು ಕರೆಯಬೇಕಾದ ಹೆಂಗಸು ಕೈ ಬಿಗಿಯುತ್ತದೆ ಎಂದಾಗ 'ಒಗ್ಗಿಕೋ' ಎಂದರೆ ತಡೆಯಬಹುದಾಗಿದ್ದ ಅಂಗವಿಕಲತೆಗೆ ನಾವೇ ಒಪ್ಪಿಗೆ ಕೊಟ್ಟಂತೆ.

ರೋಗಕ್ಕೆ ಹೆಸರು ಸಿಗದ ಕಡೆ ಅಂಗಡಿಯ ಪುಡಿ, ಸಂತೆಯ ಮಾತ್ರೆ, 'ಒಂದು ಸೂಜಿ ಹಾಕಿಬಿಡಿ' ಎಂಬ ಬೇಡಿಕೆ ಜಾಗ ಹಿಡಿಯುತ್ತವೆ. ಎರಡೇ ದಿನದಲ್ಲಿ ನೋವನ್ನು ಮಾಯ ಮಾಡುವ ಹೆಸರಿಲ್ಲದ ಪುಡಿಯಲ್ಲಿ ಸ್ಟೆರಾಯ್ಡ್ ಇರುವ ಸಂಭವ ಇದ್ದೇ ಇದೆ. ಮೊದಲು ಮುಖ ಉಬ್ಬುತ್ತದೆ, ಆಮೇಲೆ ಸಕ್ಕರೆ ಏರುತ್ತದೆ, ಕೊನೆಗೆ ಮೂಳೆಯೇ ಟೊಳ್ಳಾಗುತ್ತದೆ. ದಿನನಿತ್ಯ ನುಂಗುವ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಏನು ಮಾಡುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಗಣಿ ಊರಿನವರಲ್ಲಿ ನೋವು ಸಹಿಸುವುದೇ ಗಂಡಸುತನ ಎಂಬ ಹೆಮ್ಮೆಯೂ ಇದೆ. ಆ ಹೆಮ್ಮೆಯನ್ನು ನಾನು ಗೌರವಿಸುತ್ತೇನೆ. ಆದರೆ ಬಾಯಿ ಮುಚ್ಚಿಕೊಂಡು ಸಹಿಸುವುದಕ್ಕೂ ನೋವಿನೊಡನೆ ಬದುಕುವುದಕ್ಕೂ ಬಹಳ ಅಂತರವಿದೆ.

ನೋವಿನೊಡನೆ ಬದುಕುವುದು ಒಂದು ಕಸುಬು. ಅದರ ಮೊದಲ ಪಾಠ, ಒಳ್ಳೆಯ ದಿನವನ್ನು ದುಂದು ಮಾಡದಿರುವುದು. ನೋವಿಲ್ಲದ ಬೆಳಗು ಸಿಕ್ಕಿತೆಂದು ಬಾಕಿ ಕೆಲಸವನ್ನೆಲ್ಲ ಅಂದೇ ಮುಗಿಸಿದರೆ ಮುಂದಿನ ಮೂರು ದಿನ ಹಾಸಿಗೆ ಹಿಡಿಯಬೇಕಾಗುತ್ತದೆ. ಕೆಲಸವನ್ನು ತುಂಡು ಮಾಡಿಕೊಂಡು, ನಡುವೆ ಕೂತು, ನೋವು ಬರುವ ಮೊದಲೇ ನಿಲ್ಲಿಸುವುದನ್ನು ರೂಢಿಸಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ನಮ್ಮ ಸೀಮೆಯಲ್ಲಿ ಮುದ್ದೆಯಿಲ್ಲದ ಊಟವಿಲ್ಲ. ಕುದಿಯುವ ಹಿಟ್ಟನ್ನು ಕೋಲಿನಿಂದ ತಿರುವುವಾಗ ಮಣಿಕಟ್ಟಿನ ಮೇಲೆ ಬೀಳುವ ಒತ್ತಡ ತಿರುವಿದವರಿಗಷ್ಟೇ ಗೊತ್ತು. ಮನೆಯ ಹೆಂಗಸಿಗೆ ಕೀಲುನೋವಿದ್ದರೆ ಆ ಕೋಲು ಗಂಡನ ಅಥವಾ ಮಗನ ಕೈಗೆ ಹೋಗಬೇಕು. ಇದು ಯಾವ ಔಷಧ ಚೀಟಿಯಲ್ಲೂ ಬರೆಯದ ಚಿಕಿತ್ಸೆ. ದೀರ್ಘಕಾಲದ ನೋವನ್ನು ತನ್ನಷ್ಟಕ್ಕೆ ತಾನೇ ಒಂದು ಕಾಯಿಲೆಯಾಗಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯಲ್ಲಿ ಸೇರಿಸಿದ್ದು 2022ರಿಂದ ಜಾರಿಗೆ ಬಂದಿದೆ. ಮನೆಯವರ ಪಟ್ಟಿಯಲ್ಲಿ ಅದು ಸೇರಲು ಇನ್ನೂ ಕಾಲ ಬೇಕೇನೋ.

ಆದರೆ ಈ ಕಸುಬನ್ನು ಒಬ್ಬನೇ ಮಾಡಲಾಗದು. ಗಣಿ ಲೈನುಗಳ ಸಾಲುಮನೆಗಳಲ್ಲಿ ಅನೇಕರಿಗೆ ಶೌಚಾಲಯ ಮನೆಯ ಹೊರಗಿದೆ, ಅದೂ ಕುಕ್ಕರಗಾಲಿನದು. ಮಂಡಿ ಮಡಿಸಲಾಗದ ಮುದುಕಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ. ಗಣಿ ಮುಚ್ಚಿದ ಮೇಲೆ ದುಡಿಮೆಗಾಗಿ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಸಾವಿರಾರು ಮಂದಿ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿಬರುತ್ತಾರೆ. ಮೆಟ್ಟಿಲು ಹತ್ತಿ ಇಳಿಯುವಾಗ ಮಂಡಿಯ ಮೇಲೆ ಮೈತೂಕದ ಮೂರು ನಾಲ್ಕು ಪಟ್ಟು ಭಾರ ಬೀಳುತ್ತದೆ. ಒಂದು ಕಾಲಕ್ಕೆ ಹೆಸರಾಗಿದ್ದ ಗಣಿ ಆಸ್ಪತ್ರೆ ಗಣಿಯ ಹಿಂದೆಯೇ ಹೋಯಿತು.

ಕೇಳುತ್ತಿರುವುದು ದೊಡ್ಡ ಆಸ್ಪತ್ರೆಯನ್ನಲ್ಲ. ಪ್ರತಿ ಕೊಳವೆಬಾವಿಯ ಫ್ಲೋರೈಡ್ ಪ್ರಮಾಣವನ್ನು ಅದರ ಪಕ್ಕದಲ್ಲೇ ಬರೆಸಬಹುದು. ಸಾಮೂಹಿಕ ಶೌಚಾಲಯದಲ್ಲಿ ಒಂದಾದರೂ ಕುರ್ಚಿಯಂತೆ ಕೂರುವ ಕಮೋಡು, ಹಿಡಿದೇಳಲು ಒಂದು ಕಂಬಿ ಹಾಕಿಸಬಹುದು. ಕೆಜಿಎಫ್ ಮತ್ತು ಬಂಗಾರಪೇಟೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಮ್ಮೆ ಕೀಲುರೋಗ ಬಲ್ಲ ವೈದ್ಯರೂ ಫಿಸಿಯೋಥೆರಪಿಸ್ಟರೂ ಕೂತು, ಯಾರದು ಸವೆತ, ಯಾರದು ರುಮಟಾಯ್ಡ್, ಯಾರದು ನೀರಿನ ದೋಷ ಎಂದು ಬೇರ್ಪಡಿಸಿ ಹೇಳಬಹುದು. ಆ ಹೊತ್ತನ್ನು ಮಾತ್ರ ಬೆಳಿಗ್ಗೆಗೆ ಇಡಬೇಡಿ. ಬೆಂಗಳೂರಿನ ರೈಲು ಸಂಜೆ ಹಿಂದಿರುಗಿ ಬರುವವರೆಗೆ ಬಾಗಿಲು ತೆರೆದಿರಲಿ.