ಬೆಕ್ಕೂ ಬೇಕು, ಹಕ್ಕಿಯೂ ಬೇಕು



ಬೇಲೂರು ಸೀಮೆಯ ಕಾಫಿ ತೋಟಗಳಲ್ಲಿ ಬೆಕ್ಕಿನ ಮಾತು ಬಂದರೆ ಒಂದೇ ಮನೆಯವರು ಎರಡು ಪಕ್ಷವಾಗುತ್ತಾರೆ. ಭತ್ತದ ಮೂಟೆ ಕಾಯುವುದು ಬೆಕ್ಕೇ, ಅದಿಲ್ಲದಿದ್ದರೆ ಇಲಿಪಾಷಾಣ ಇಡಬೇಕು ಎನ್ನುತ್ತಾರೆ ಹಿರಿಯರು. ಆ ಮಾತು ನಿಜ. ಪಾಷಾಣ ತಿಂದ ಇಲಿಯನ್ನು ಹಿಡಿದ ಗೂಬೆಗೂ ವಿಷವೇರುತ್ತದೆ. ಆದರೆ ಬೆಕ್ಕು ಇಲಿಯನ್ನಷ್ಟೇ ಆರಿಸಿ ಹಿಡಿಯುವುದಿಲ್ಲ. ನೆಲದಲ್ಲಿ ಮೇಯುವ ಹರಟೆಮಲ್ಲ, ಗಿಡ್ಡ ಪೊದೆಯಲ್ಲಿ ಗೂಡು ಕಟ್ಟುವ ಪಿಕಳಾರ, ಬೇಲಿಯ ಓತಿಕ್ಯಾತ, ಹಾವುರಾಣಿ ಎಲ್ಲವೂ ಅದರ ಬೇಟೆ. ಹೊಟ್ಟೆ ತುಂಬಿದ ಬೆಕ್ಕೂ ಹೊಂಚು ಹಾಕುತ್ತದೆ.

ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130ರಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರ ಅಧ್ಯಯನವೊಂದು ಅಂದಾಜಿಸಿತ್ತು. ಅದರಲ್ಲಿ ಹೆಚ್ಚಿನ ಪಾಲು ಒಡೆಯರಿಲ್ಲದ ಬೆಕ್ಕುಗಳದು. ಹಾಗಾಗಿ ನಮ್ಮಲ್ಲೂ ಬೇಡದ ಬೆಕ್ಕಿನ ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ತೋಟದಂಚಿಗೆ ಬಿಟ್ಟು ಬರುವುದು ಮೊದಲು ನಿಲ್ಲಬೇಕು.

ಕೊರಳಿಗೆ ಗೆಜ್ಜೆ ಕಟ್ಟಿದರೆ ಸಾಕೆಂಬ ನಂಬಿಕೆಗೂ ಬಲವಿಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 355 ಬೆಕ್ಕುಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಟೆಯಿಂದ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಮಾಂಸದ ಅಂಶ ಹೆಚ್ಚಿರುವ ಆಹಾರ ಕೊಟ್ಟಾಗ ಮನೆಗೆ ತರುವ ಬೇಟೆ ಶೇ 36ರಷ್ಟು, ದಿನಕ್ಕೆ 5–10 ನಿಮಿಷ ಆಟವಾಡಿಸಿದಾಗ ಶೇ 25ರಷ್ಟು ಇಳಿಯಿತು. ಹಾಲನ್ನದ ಜತೆ ಒಂದಿಷ್ಟು ಮೀನು ಹಾಕುವುದು ಮಲೆನಾಡಿನ ಅಂಚಿನ ಮನೆಗಳಿಗೆ ಹೊರೆಯೇನಲ್ಲ.

ಬೇಲೂರಿನ ಪಶು ಆಸ್ಪತ್ರೆಯಲ್ಲಿ ಬೆಕ್ಕುಗಳಿಗೆ ಸಂತಾನಹರಣ ಶಿಬಿರ ನಡೆಸಲು ಪಶುಪಾಲನಾ ಇಲಾಖೆ ಮುಂದಾಗಲಿ, ಅದೂ ಹಕ್ಕಿಗಳು ಗೂಡು ಕಟ್ಟುವ ಕಾಲಕ್ಕೆ ಮುನ್ನ.

– ಓದುಗ, ಬೇಲೂರು