ಹೊಸ ಹೆಸರು, ಅಳಿಯುತ್ತಿರುವ ತೊಟ್ಟಿಮನೆ
ರಾಮನಗರ ಜಿಲ್ಲೆಗೆ 2025ರಲ್ಲಿ ಸರ್ಕಾರ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಿತು. ಕ್ಲೋಸ್‌ಪೇಟೆ ರಾಮನಗರವಾದ, ಕಾನಕಾನಹಳ್ಳಿ ಕನಕಪುರವಾದ ಸೀಮೆಗೆ ನಾಮಾಂತರ ಹೊಸತಲ್ಲ. ಹೆಸರು ಬದಲಾದಾಗಲೂ ಜಗಲಿ, ತೊಟ್ಟಿ, ಹೆಂಚಿನ ಮಾಡುಗಳು ಉಳಿದಿದ್ದವು. ಈಗ ಅವುಗಳ ಜಾಗದಲ್ಲಿ ಗಾಜು ಹೊದ್ದ ಕಾಂಕ್ರೀಟು ಮಹಡಿಗಳು ಏಳುತ್ತಿವೆ.

ಅಭಿರುಚಿ ಬದಲಾಗುವುದು ಸಹಜ; ಸೋರುವ ಮಾಡಿನ ಕೆಳಗೇ ಬಾಳಿರೆಂದು ಯಾರಿಗೂ ಹೇಳಲಾಗದು. ಆದರೆ ಇಲ್ಲಿ ಅಭಿರುಚಿಗಿಂತ ಪ್ರಬಲವಾದುದು ನಿವೇಶನದ ಬೆಲೆ. ಮನೆಗಿಂತ ನೆಲವೇ ದುಬಾರಿಯಾದಾಗ, ಗಾಳಿ-ಬೆಳಕು ತರುವ ತೊಟ್ಟಿಯ ಬಯಲು ಮಾಲೀಕನಿಗೆ ನಷ್ಟದ ಬಾಬಾಗಿ ತೋರುತ್ತದೆ.

ಪ್ರಾಚೀನ ಸ್ಮಾರಕಗಳ ಕಾಯ್ದೆಗಳು ಕೋಟೆ, ಗುಡಿಗಳನ್ನು ಕಾಯಬಲ್ಲವು. ಜನ ವಾಸಿಸುವ ಸಾಮಾನ್ಯ ಮನೆಗಳಿಗೆ ಅವುಗಳ ನೆರಳು ತಲುಪುವುದು ವಿರಳ. ಚನ್ನಪಟ್ಟಣ, ಮಾಗಡಿ ಸೇರಿದಂತೆ ಸ್ಥಳೀಯ ಸಂಸ್ಥೆಗಳು ಇಂತಹ ಮನೆಗಳನ್ನು ಪಟ್ಟಿ ಮಾಡಲಿ. ಉಳಿಸಿಕೊಂಡವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಸಿಗಲಿ. ಸಾರ್ವಜನಿಕ ಪರಂಪರೆಯ ವೆಚ್ಚವನ್ನು ಮಾಲೀಕನೊಬ್ಬನೇ ಭರಿಸಬೇಕೆಂಬುದು ನ್ಯಾಯವಲ್ಲ.