ಗರ್ಭಿಣಿಯ ರಾಜೀನಾಮೆ: ಸಾಬೀತು ಮಾಡಬೇಕಾದವರು ಯಾರು?

ಕೊಡಗಿನ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರುವಾಗ, ಮದುವೆಯಾದರೆ ಕೆಲಸ ಬಿಡುವುದಾಗಿ ಬರೆದುಕೊಡಬೇಕಾಯಿತು. ಮೂರು ದಶಕಗಳ ನಂತರ ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1979ರ ತೀರ್ಪಿನ ಹೊತ್ತಿಗೆ ಸರ್ಕಾರ ಬಡ್ತಿ ಕೊಟ್ಟಾಗಿತ್ತು. ಆದರೂ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅಂಥ ಸೇವಾ ನಿಯಮಗಳನ್ನು ಕಟುವಾಗಿ ಟೀಕಿಸಿ, ಅವುಗಳ ಪರಿಷ್ಕರಣೆ ಆಗಲೇಬೇಕು ಎಂದರು. ಮೊದಲ ಬಾರಿ ಗರ್ಭಿಣಿಯಾದೊಡನೆ ಗಗನಸಖಿಯರನ್ನು ಸೇವೆಯಿಂದ ಬಿಡಿಸುವ ಏರ್ ಇಂಡಿಯಾ ನಿಯಮ 1981ರಲ್ಲಿ ರದ್ದಾಯಿತು. ಸೇವೆಗೆ ಸೇರಿದ ನಾಲ್ಕು ವರ್ಷದೊಳಗೆ ಮದುವೆ ಕೂಡದೆಂಬ ನಿಯಮವನ್ನು ಮಾತ್ರ ಅದೇ ತೀರ್ಪು ಎತ್ತಿಹಿಡಿಯಿತು ಎಂಬುದು ಇಂದಿಗೂ ಬೇಸರ ತರುವ ಸಂಗತಿ. ಮದುವೆಯಾದ ಕಾರಣಕ್ಕೆ 1988ರಲ್ಲಿ ಕೆಲಸ ಕಳೆದುಕೊಂಡ ಸೇನಾ ಶುಶ್ರೂಷಾ ಅಧಿಕಾರಿಯೊಬ್ಬರಿಗೆ ₹60 ಲಕ್ಷ ಪರಿಹಾರದ ಆದೇಶ ಸಿಕ್ಕಿದ್ದು 2024ರಲ್ಲಿ.

ಈ ನಿಯಮಗಳೆಲ್ಲ ಬರಹದಲ್ಲಿದ್ದವು. ಹಾಗಾಗಿಯೇ ಅವುಗಳನ್ನು ಪ್ರಶ್ನಿಸಲು ಸಾಧ್ಯವಾಯಿತು. ಈಗ ಯಾವ ಕಂಪನಿಯೂ ಹಾಗೆ ಬರೆದಿಡುವುದಿಲ್ಲ. ಗರ್ಭಿಣಿ ಎಂದು ತಿಳಿಸಿದ ಮೇಲೆ ಪ್ರಾಜೆಕ್ಟ್ ಕೈತಪ್ಪುತ್ತದೆ, ರೇಟಿಂಗ್ ಇಳಿಯುತ್ತದೆ, ಪ್ರೊಬೇಷನ್ ಮುಗಿಯುವುದೇ ಇಲ್ಲ. ಕೊನೆಗೊಂದು ದಿನ ಎಚ್‌ಆರ್ ಕರೆದು, ‘ನೀವೇ ರಾಜೀನಾಮೆ ಕೊಟ್ಟರೆ ಅನುಭವ ಪತ್ರಕ್ಕೆ ತೊಂದರೆಯಾಗುವುದಿಲ್ಲ’ ಎನ್ನುತ್ತಾರೆ. ಆಕೆ ಸಹಿ ಹಾಕುತ್ತಾಳೆ.

ಕಾನೂನು ಸೋಲುವುದು ಈ ಸಹಿಯ ಮುಂದೆ. ಹೆರಿಗೆಗೆ ಮೊದಲಿನ 12 ತಿಂಗಳಲ್ಲಿ ಕನಿಷ್ಠ 80 ದಿನ ದುಡಿದವರಿಗೆ ಮೊದಲ ಎರಡು ಮಕ್ಕಳವರೆಗೆ 26 ವಾರಗಳ ಸಂಬಳ ಸಹಿತ ರಜೆ ಉಂಟು. ಆ ರಜೆಯಲ್ಲಿರುವಾಗ ವಜಾ ಮಾಡುವುದು 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಪ್ರಕಾರ ಅಕ್ರಮವಾಗಿತ್ತು; 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ರಕ್ಷಣೆ ಮುಂದುವರಿದಿದೆ. ಆದರೆ ಕಡತದಲ್ಲಿ ವಜಾ ಆಗಿಯೇ ಇಲ್ಲವಲ್ಲ! ಬಲವಂತದ ರಾಜೀನಾಮೆ ಊರ್ಜಿತವಲ್ಲ, ನಿಜ. ಬಲವಂತ ನಡೆದದ್ದನ್ನು ಸಾಬೀತು ಮಾಡುವ ಹೊರೆ ಮಾತ್ರ ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡ ಆ ತಾಯಿಯದೇ. ಮುಚ್ಚಿದ ಬಾಗಿಲ ಹಿಂದೆ ನಡೆದ ಮಾತಿಗೆ ಆಕೆ ಸಾಕ್ಷಿ ಎಲ್ಲಿಂದ ತರಬೇಕು?

ವಜಾಕ್ಕೂ ಗರ್ಭಧಾರಣೆಗೂ ಸಂಬಂಧವಿಲ್ಲ ಎಂದು ಮಾಲೀಕನೇ ಸಾಬೀತು ಮಾಡಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ 183ನೇ ಒಡಂಬಡಿಕೆ. ಭಾರತ ಅದನ್ನು ಅನುಮೋದಿಸಿಲ್ಲ. ಹೆರಿಗೆ ಭತ್ಯೆಯ ಹೊರೆಯನ್ನು ಒಬ್ಬೊಬ್ಬ ಮಾಲೀಕನ ಮೇಲೆ ಹಾಕಬಾರದು ಎಂಬ ತತ್ವವೂ ಅದರಲ್ಲಿದೆ. ಇದನ್ನು ನಾವು ಗಂಭೀರವಾಗಿ ಯೋಚಿಸಬೇಕು. ಇಎಸ್‌ಐ ವ್ಯಾಪ್ತಿಯಲ್ಲಿರುವ, ತಿಂಗಳಿಗೆ ₹21,000ದವರೆಗೆ ಸಂಬಳದ ಕಾರ್ಮಿಕರಿಗೆ ಕಾರ್ಮಿಕರ ರಾಜ್ಯ ವಿಮಾ ನಿಗಮವೇ ಹಣ ಕೊಡುತ್ತದೆ. ಅದಕ್ಕಿಂತ ಹೆಚ್ಚು ಸಂಬಳವಿದ್ದರೆ ಪೂರ್ತಿ ಖರ್ಚು ಮಾಲೀಕನದು. 2017ರಲ್ಲಿ ರಜೆಯನ್ನು 12 ವಾರದಿಂದ 26ಕ್ಕೆ ಏರಿಸಿದ ಸರ್ಕಾರ ತಾನು ಪಾಲು ಹೊರಲಿಲ್ಲ. ಇಪ್ಪತ್ತು ಜನರ ಸಣ್ಣ ಕಚೇರಿಯ ಮಾಲೀಕ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವಾಗಲೇ ಲೆಕ್ಕ ಹಾಕತೊಡಗಿದರೆ, ಅದಕ್ಕೆ ಕಾನೂನಿನ ರಚನೆಯೂ ಕಾರಣ. ಎಲ್ಲ ಮಾಲೀಕರೂ ಸರ್ಕಾರವೂ ಕೂಡಿ ಹಣ ತುಂಬುವ ನಿಧಿ ಇದ್ದರೆ ಆ ಲೆಕ್ಕಕ್ಕೆ ಅರ್ಥವಿರದು.

ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ಕರ್ನಾಟಕ ದೆಹಲಿಯತ್ತ ನೋಡುತ್ತ ಕೂರಬೇಕಿಲ್ಲ. ಗರ್ಭಿಣಿ ಎಂದು ತಿಳಿಸಿದ ದಿನದಿಂದ, ರಜೆ ಮುಗಿಸಿ ಮರಳಿದ ಆರು ತಿಂಗಳವರೆಗೆ ಕೊಟ್ಟ ಯಾವುದೇ ರಾಜೀನಾಮೆಯನ್ನು ಕಾರ್ಮಿಕ ಅಧಿಕಾರಿಯ ಮುಂದೆ ಆಕೆ ಖಚಿತಪಡಿಸುವವರೆಗೆ ಅಂಗೀಕರಿಸಬಾರದು ಎಂದು ರಾಜ್ಯ ತಿದ್ದುಪಡಿ ತರಲಿ. ಅಲ್ಲಿಯವರೆಗೆ ದುಡಿಯುವ ಹೆಣ್ಣುಮಕ್ಕಳಿಗೆ ಒಂದು ಮಾತು: ಗರ್ಭಿಣಿ ಎಂಬುದನ್ನು ಬಾಯಿಮಾತಿನಲ್ಲಿ ಅಲ್ಲ, ಇಮೇಲ್‌ನಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಎದುರಿಗಿಟ್ಟ ಕಾಗದಕ್ಕೆ ಅಂದೇ ಸಹಿ ಹಾಕಬೇಡಿ.